ಮಂಡಿನೋವಿನ ಅಮ್ಮ, ಸಸ್ಯಾಹಾರಿ ಮನೆ: ಬ್ಯಾಂಕಾಕಿನಲ್ಲಿ ಎಲ್ಲಿ ರೂಮು ಹಿಡಿಯಬೇಕು?

ಪ್ರಶ್ನೆ: ಸಂಕ್ರಾಂತಿ ರಜೆಗೆ ಐದು ರಾತ್ರಿ ಬ್ಯಾಂಕಾಕಿಗೆ ಹೊರಟಿದ್ದೇವೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, 68 ವರ್ಷದ ಅಮ್ಮ. ಅಮ್ಮ ನಡೆಯುತ್ತಾರೆ, ಆದರೆ ಮಂಡಿನೋವು, ಮೆಟ್ಟಿಲು ಹತ್ತುವುದು ಕಷ್ಟ. ಮನೆಯವರೆಲ್ಲ ಸಸ್ಯಾಹಾರಿಗಳು. ವಿಮಾನ ಬೆಳಗಿನ ಜಾವ ಡಾನ್ ಮುಯಾಂಗ್‌ನಲ್ಲಿ ಇಳಿಯುತ್ತದೆ. ಅರಮನೆ, ವಾಟ್ ಫೋ ದೇವಾಲಯ, ಚತುಚಕ್ ಸಂತೆ, ಒಂದು ದಿನ ಹಳೆ ರಾಜಧಾನಿ ಅಯುತ್ಥಯ, ಒಂದಿಷ್ಟು ಶಾಪಿಂಗ್, ಇಷ್ಟು ಆಸೆ. ಏಜೆಂಟರು ಪ್ರತೂನಾಮ್ ಎನ್ನುತ್ತಾರೆ, ಸ್ನೇಹಿತರು ನಾನಾ ಎನ್ನುತ್ತಾರೆ, ವಿಡಿಯೊಗಳಲ್ಲೆಲ್ಲ ಖಾವೊ ಸಾನ್. ಯಾವ ಏರಿಯಾ ಸರಿ?
(ಓದುಗರು, ಶಿವಮೊಗ್ಗ)

ಉತ್ತರ: ನಿಮ್ಮ ಮನೆಯ ಲೆಕ್ಕಕ್ಕೆ ಮೊದಲ ಆಯ್ಕೆ ಸೀಲೋಮ್ ರಸ್ತೆಯ ಸಾಲಾ ಡೇಂಗ್ ಸುತ್ತಮುತ್ತ, ಅದೂ ರಸ್ತೆಯ ದಕ್ಷಿಣದ ಕಡೆ. ಅಲ್ಲಿ ರೂಮು ಸಿಗದಿದ್ದರೆ ಅಥವಾ ದರ ಹೊಂದದಿದ್ದರೆ ಅಸೋಕ್. ಏಜೆಂಟರು, ಸ್ನೇಹಿತರು ಹೇಳಿದ ಮೂರೂ ಜಾಗಗಳು ಕೆಟ್ಟವೇನಲ್ಲ, ನಿಮ್ಮ ನಾಲ್ವರಿಗೆ ಒಗ್ಗುವುದಿಲ್ಲ, ಅಷ್ಟೇ. ಯಾಕೆ ಎಂಬುದನ್ನು ತಿಳಿದುಕೊಂಡರೆ ಹೋಟೆಲನ್ನೂ ನೀವೇ ಆರಿಸಬಹುದು.

ಬ್ಯಾಂಕಾಕಿನಲ್ಲಿ 'ಏರಿಯಾ' ಎನ್ನುವ ಮಾತಿಗೆ ಬೆಲೆ ಕಡಿಮೆ. ಹೆಸರು ನಂಬಿ ರೂಮು ಹಿಡಿದವರು ಕೈಸುಟ್ಟುಕೊಳ್ಳುವುದೇ ಹೆಚ್ಚು. ಸುಖುಮ್‌ವಿತ್ ಎಂದರೆ ಒಂದು ಬಡಾವಣೆ ಎಂದುಕೊಳ್ಳುತ್ತೇವೆ. ಅದು ಊರಿನ ನಡುವಿನಿಂದ ಹೊರಟು ಕಂಬೋಡಿಯ ಗಡಿಯ ತ್ರಾತ್ ಪ್ರಾಂತದವರೆಗೆ ಸಾಗುವ ಹೆದ್ದಾರಿ. ಹೋಟೆಲಿನ ಹೆಸರಿನಲ್ಲಿ 'ಸುಖುಮ್‌ವಿತ್' ಇದ್ದ ಮಾತ್ರಕ್ಕೆ ನಿಮಗೆ ಏನೂ ಗೊತ್ತಾದ ಹಾಗಲ್ಲ. 'ಸಯಾಮ್', 'ರಿವರ್‌ಸೈಡ್' ಎಂಬ ಹೆಸರುಗಳ ಕಥೆಯೂ ಇದೇ. ನೋಡಬೇಕಾದ್ದು ಎರಡು: ಹತ್ತಿರದ ರೈಲು ಸ್ಟೇಶನ್ ಯಾವುದು, ಅಲ್ಲಿಂದ ಹೋಟೆಲಿನ ಬಾಗಿಲಿಗೆ ನಡೆದು ಎಷ್ಟು ಮೀಟರು. ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ 400 ಮೀಟರು ಗಡಿ. ಅದರಾಚೆ ಎಷ್ಟೇ ಒಳ್ಳೆಯ ರೂಮಾದರೂ ಬಿಡಿ.

ಊರಿನಲ್ಲಿ ಓಡಾಟಕ್ಕೆ ಮುಖ್ಯವಾದ ರೈಲು ಎರಡು. ಕಂಬಗಳ ಮೇಲೆ ಓಡುವ ಬಿಟಿಎಸ್ 1999ರ ಡಿಸೆಂಬರಿನಿಂದ ಇದೆ. ಎಂಆರ್‌ಟಿ ನೀಲಿ ಮಾರ್ಗ 2004ರಲ್ಲಿ ಬಂತು, ಊರಿನ ನಡುವೆಲ್ಲ ನೆಲದಡಿಯಲ್ಲಿ ಓಡುತ್ತದೆ. ಎರಡೂ ಬೇರೆ ಬೇರೆ ಸಂಸ್ಥೆಗಳವು, ಟಿಕೆಟ್ ಬೇರೆ, ಗೇಟು ಬೇರೆ. ಬಿಟಿಎಸ್‌ನ ರ‍್ಯಾಬಿಟ್ ಕಾರ್ಡ್ ನೀಲಿ ಮಾರ್ಗದಲ್ಲಿ ನಡೆಯದು. ನೀಲಿ ಮಾರ್ಗದಲ್ಲಿ ಬ್ಯಾಂಕಿನ ಟ್ಯಾಪ್ ಮಾಡುವ ವೀಸಾ, ಮಾಸ್ಟರ್‌ಕಾರ್ಡನ್ನೇ ಗೇಟಿಗೆ ತೋರಿಸಬಹುದು. ಅದಕ್ಕೆ ಊರು ಬಿಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ತೆರೆದಿರಬೇಕು, ಮತ್ತು ತಲೆಗೊಂದು ಕಾರ್ಡು ಬೇಕು. ಒಂದೇ ಕಾರ್ಡಿನಲ್ಲಿ ನಾಲ್ವರು ಒಳಗೆ ಹೋಗಲಾಗದು.

ಎರಡೂ ರೈಲು ಸೇರುವ ಕಡೆ ಉಳಿದರೆ ಊರಿಗೆ ಊರೇ ಕೈಗೆಟಕುತ್ತದೆ. ನಡುಭಾಗದಲ್ಲಿ ಅಂಥ ಜಾಗ ಎರಡೇ, ಸಾಲಾ ಡೇಂಗ್ ಮತ್ತು ಅಸೋಕ್. ಇಲ್ಲೊಂದು ತಮಾಷೆ ಇದೆ. ಒಂದೇ ಜಂಕ್ಷನ್ನಿಗೆ ಎರಡು ಸಂಸ್ಥೆಗಳೂ ಬೇರೆ ಬೇರೆ ಹೆಸರಿಟ್ಟಿವೆ. ಬಿಟಿಎಸ್‌ನಲ್ಲಿ ಅದು 'ಸಾಲಾ ಡೇಂಗ್', ಎಂಆರ್‌ಟಿಯಲ್ಲಿ 'ಸೀಲೋಮ್'. ಬಿಟಿಎಸ್‌ನಲ್ಲಿ 'ಅಸೋಕ್', ಎಂಆರ್‌ಟಿಯಲ್ಲಿ 'ಸುಖುಮ್‌ವಿತ್'. ಹೋಟೆಲಿನವರು 'ಸುಖುಮ್‌ವಿತ್ ಸ್ಟೇಶನ್ ಪಕ್ಕ' ಎಂದು ಬರೆದರೆ ಅದು ಅಸೋಕ್ ಎಂದು ಓದಿಕೊಳ್ಳಿ.

ಈಗ ನಿಮ್ಮ ಪಟ್ಟಿಯನ್ನು ಸಾಲಾ ಡೇಂಗ್‌ನಿಂದ ಅಳೆಯೋಣ. ವಾಟ್ ಫೋ ಮತ್ತು ಅರಮನೆಗೆ ಹತ್ತಿರದ ಸ್ಟೇಶನ್ ಸನಮ್ ಚೈ. ಸೀಲೋಮ್‌ನಿಂದ ಐದನೆಯ ನಿಲ್ದಾಣ, ರೈಲು ಬದಲಿಸಬೇಕಾಗಿಲ್ಲ. ಮಾಲ್‌ಗಳಿರುವ ಸಯಾಮ್ ಬಿಟಿಎಸ್‌ನಲ್ಲಿ ಎರಡನೆಯ ನಿಲ್ದಾಣ. ನದಿಯ ದೋಣಿ ಹತ್ತಲು ಸಫಾನ್ ತಕ್ಸಿನ್, ಇನ್ನೊಂದು ದಿಕ್ಕಿಗೆ ನಾಲ್ಕನೆಯದು. ಚತುಚಕ್ ಸಂತೆಗೆ ನೀಲಿ ಮಾರ್ಗದಲ್ಲೇ ಕೂತು ಕಾಂಫೇಂಗ್ ಫೆಟ್‌ನಲ್ಲಿ ಇಳಿದರೆ ಸಂತೆಯ ಬಾಯಿಗೇ ಬರುತ್ತೀರಿ. ಹಾದಿ ಉದ್ದ, ಹೆಚ್ಚುಕಮ್ಮಿ ಅರ್ಧ ಗಂಟೆ, ಆದರೆ ಎಸಿಯಲ್ಲಿ ಒಂದೇ ಸೀಟಿನಲ್ಲಿ. ದೊಡ್ಡ ಸಂತೆ ಶನಿವಾರ, ಭಾನುವಾರ ಮಾತ್ರ, ನಿಮ್ಮ ಐದು ರಾತ್ರಿಗಳಲ್ಲಿ ವಾರಾಂತ್ಯ ಬೀಳುತ್ತದೆಯೇ ನೋಡಿಕೊಳ್ಳಿ. ಅಯುತ್ಥಯದ ರೈಲಿಗೆ ಅದೇ ಮಾರ್ಗದಲ್ಲಿ ಒಂದು ನಿಲ್ದಾಣ ಮುಂದೆ, ಬಾಂಗ್ ಸ್ಯೂ.

ಅಯುತ್ಥಯದ ವಿಷಯದಲ್ಲಿ ಹಳೆಯ ಸಲಹೆ ನಂಬಬೇಡಿ. 'ರೈಲಿಗೆ ಅನುಕೂಲ, ಹುವಾ ಲಂಫಾಂಗ್ ಹತ್ತಿರ ಇರಿ' ಎಂಬ ಮಾತು ಇಂದಿಗೂ ಓಡಾಡುತ್ತಿದೆ. 2023ರ ಜನವರಿಯಲ್ಲಿ ದೂರದೂರಿನ ರೈಲುಗಳನ್ನು ಬಾಂಗ್ ಸ್ಯೂನ ಹೊಸ ದೊಡ್ಡ ನಿಲ್ದಾಣ ಕ್ರುಂಗ್ ಥೇಪ್ ಅಫಿವತ್‌ಗೆ ಸಾಗಿಸಿದರು. ಹಳೆ ಸ್ಟೇಶನ್ನಿನಲ್ಲಿ ಉಳಿದಿರುವುದು ಸಾಮಾನ್ಯ ದರ್ಜೆಯ ಕೆಲವು ಗಾಡಿಗಳು.

ಸೀಲೋಮ್‌ನಲ್ಲಿ ಒಂದು ಕಡೆಗೂ ಇನ್ನೊಂದು ಕಡೆಗೂ ಅಜಗಜಾಂತರ. ರಸ್ತೆಯ ಉತ್ತರಕ್ಕೆ ಪತ್‌ಪೋಂಗ್ ಇದೆ. ಎರಡು ಓಣಿ, ರಾತ್ರಿ ಸಂತೆ, ಎರಡೂ ಬದಿ ಬಾರುಗಳು. ಪಕ್ಕದ ಸಣ್ಣ ಸೊಯಿಗಳೂ, ಅಂದರೆ ಅಡ್ಡ ಓಣಿಗಳೂ, ರಾತ್ರಿಯ ವ್ಯಾಪಾರದವೇ. ಹಗಲು ನೋಡಿದರೆ ಏನೂ ಅನ್ನಿಸದು. ರಾತ್ರಿ ಒಂಬತ್ತಕ್ಕೆ ಮಗಳ ಕೈಹಿಡಿದು ಹೋಟೆಲಿಗೆ ಮರಳುವಾಗ ಬಾಗಿಲಲ್ಲಿ ನಿಂತು ಕಾರ್ಡು ಹಿಡಿದು ಕರೆಯುವವರನ್ನು ದಾಟಿಕೊಂಡು ಬರಬೇಕು. ದಕ್ಷಿಣಕ್ಕೆ ಸೊಯಿ ಸಾಲಾ ಡೇಂಗ್, ಕಾನ್ವೆಂಟ್ ರಸ್ತೆ, ಅವುಗಳಾಚೆ ಸಾಥೋನ್. ಹಗಲು ಕಚೇರಿಯವರ ಗದ್ದಲ, ರಾತ್ರಿ ತಣ್ಣಗೆ. ಕಾನ್ವೆಂಟ್ ರಸ್ತೆಯಲ್ಲೇ ಬಿಎನ್ಎಚ್ ಆಸ್ಪತ್ರೆ, ಜಂಕ್ಷನ್ನಿನ ಆಚೆ ಚುಲಾಲೊಂಗ್‌ಕೋರ್ನ್ ಆಸ್ಪತ್ರೆ. ವಯಸ್ಸಾದವರು ಜೊತೆಗಿರುವಾಗ ಇದೊಂದು ಧೈರ್ಯ. ಎದುರಿಗೇ ಲುಂಫಿನಿ ಪಾರ್ಕು. ಬೆಳಗ್ಗೆ ಅಮ್ಮ ಸಮತಟ್ಟಾದ ದಾರಿಯಲ್ಲಿ ನಿಧಾನ ಒಂದು ಸುತ್ತು ಹಾಕಬಹುದು. ಕೆರೆಯ ದಂಡೆಯಲ್ಲಿ ಆಳುದ್ದದ ಉಡಗಳು ಬಿಸಿಲು ಕಾಯುತ್ತ ಮಲಗಿರುತ್ತವೆ, ಮೊಸಳೆಯೆಂದು ಹೆದರುವುದು ಬೇಡ. ಮಗಳಿಗೆ ಇಡೀ ಪ್ರವಾಸದಲ್ಲಿ ನೆನಪುಳಿಯುವುದು ಅದೇ ಇರಬಹುದು.

ಸೀಲೋಮ್ ರಸ್ತೆಯ ಇನ್ನೊಂದು ತುದಿಯ ಹತ್ತಿರ, ಪಾನ್ ರಸ್ತೆ ಕೂಡುವಲ್ಲಿ, ತಮಿಳರು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಮಾರಿಯಮ್ಮನ ಗುಡಿ ಇದೆ. ಊರವರ ಬಾಯಲ್ಲಿ ಅದು 'ವಾಟ್ ಖೇಕ್'. ಗೋಪುರ, ಹೂಮಾಲೆ, ಕರ್ಪೂರ ಎಲ್ಲ ನಮ್ಮದೇ, ಆದರೆ ಕೈಮುಗಿದು ನಿಂತವರಲ್ಲಿ ಥಾಯ್‌ಗಳೇ ಹೆಚ್ಚು. ಆ ಸುತ್ತಿನಲ್ಲಿ ದಕ್ಷಿಣ ಭಾರತದ ಊಟವೂ ಸಿಗುತ್ತದೆ. ಸಾಲಾ ಡೇಂಗ್‌ನಿಂದ ಅಲ್ಲಿಗೆ ಒಂದು ಕಿಲೋಮೀಟರಿಗೂ ಹೆಚ್ಚು. ನಡೆಯದೆ ಬಿಟಿಎಸ್‌ನಲ್ಲಿ ಸುರಸಕ್‌ಗೆ ಹೋಗಿ ಅಲ್ಲಿಂದ ಟ್ಯಾಕ್ಸಿ ಮಾಡಿ.

ಅಸೋಕ್ ಎರಡನೆಯ ಆಯ್ಕೆ. ಸನಮ್ ಚೈಗೆ ಅಲ್ಲಿಂದ ಒಂಬತ್ತು ನಿಲ್ದಾಣ, ಸಾಲಾ ಡೇಂಗ್‌ಗಿಂತ ನಾಲ್ಕು ಹೆಚ್ಚು, ಅದೇನು ಮಹಾ ಅಲ್ಲ. ಸ್ಟೇಶನ್ನಿಗೇ ಅಂಟಿಕೊಂಡ ಟರ್ಮಿನಲ್ 21 ಮಾಲ್, ಸ್ವಲ್ಪ ದೂರಕ್ಕೆ ಬೆಂಜಕಿಟ್ಟಿ ಪಾರ್ಕು. ರೂಮುಗಳ ಆಯ್ಕೆ ಸೀಲೋಮ್‌ಗಿಂತ ಜಾಸ್ತಿ, ಅಡುಗೆಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟುಗಳೂ ಹೆಚ್ಚು. ಒಂದು ನಿಲ್ದಾಣ ಮುಂದಿನ ಪ್ರೋಮ್ ಫಾಂಗ್ ಇನ್ನೂ ಅಚ್ಚುಕಟ್ಟು, ಜಪಾನಿ ಕುಟುಂಬಗಳು ನೆಲೆಸಿರುವ ಜಾಗ, ಆದರೆ ಅಲ್ಲಿ ಬಿಟಿಎಸ್ ಒಂದೇ, ದರವೂ ಏರು.

ಸುಖುಮ್‌ವಿತ್‌ನ ಸೊಯಿ ಲೆಕ್ಕ ಒಮ್ಮೆ ಮನಸ್ಸಿಗೆ ಹತ್ತಿಸಿಕೊಳ್ಳಬೇಕು. ಸೊಯಿ ಎಂದರೆ ನಮ್ಮ ಕ್ರಾಸ್ ಇದ್ದ ಹಾಗೆ, ಮುಖ್ಯ ರಸ್ತೆಯಿಂದ ಒಳಕ್ಕೆ ಹೋಗುವ ಓಣಿ. ಬೆಸಸಂಖ್ಯೆಯವು ಉತ್ತರಕ್ಕೆ, ಸಮಸಂಖ್ಯೆಯವು ದಕ್ಷಿಣಕ್ಕೆ. 21ರ ಎದುರು 20 ಅಥವಾ 22 ಇರುತ್ತದೆ ಎಂದುಕೊಂಡರೆ ತಪ್ಪಿದಿರಿ. ಎರಡು ಬದಿಯ ಸಂಖ್ಯೆಗಳು ಬೇರೆ ಬೇರೆ ವೇಗದಲ್ಲಿ ಏರುತ್ತವೆ. ಥಾಂಗ್ ಲೋ ಎಂದರೆ ಸೊಯಿ 55, ಅದರ ಎದುರಿಗೆ ಸೊಯಿ 38. ಎಕ್ಕಮೈ ಎಂದರೆ 63, ಎದುರಿಗೆ 42. ಹಾಗಾಗಿ ಸಂಖ್ಯೆ ನೋಡಿ 'ಹತ್ತಿರವೇ ಇದೆ' ಎಂದು ತೀರ್ಮಾನಿಸಬೇಡಿ. ಇನ್ನೊಂದು ಕಾಟ, ಅನೇಕ ಸೊಯಿಗಳು ಒಂದೆರಡು ಕಿಲೋಮೀಟರು ಒಳಕ್ಕೆ ಹೋಗುತ್ತವೆ, ಕೆಲವು ಗೋಡೆಗೆ ಬಡಿದು ನಿಲ್ಲುತ್ತವೆ. ನಕ್ಷೆಯಲ್ಲಿ ಪಕ್ಕಪಕ್ಕದ ಸೊಯಿಗಳ ಎರಡು ಹೋಟೆಲು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದರೂ ಒಂದರಿಂದ ಇನ್ನೊಂದಕ್ಕೆ ಹೋಗಲು ಮುಖ್ಯ ರಸ್ತೆಗೆ ಬಂದು ಸುತ್ತಬೇಕು.

ಏಜೆಂಟರ ಪ್ರತೂನಾಮ್‌ಗೆ ಬರೋಣ. ಅವರು ಸುಮ್ಮನೆ ಹೇಳಿಲ್ಲ. ರೂಮು ಅಗ್ಗ, ಭಾರತೀಯ ಊಟದ ಹೋಟೆಲುಗಳು ಸಾಲುಸಾಲು, ಪ್ಲಾಟಿನಮ್ ಮಾಲ್ ಸೇರಿ ಸಗಟು ಬಟ್ಟೆ ವ್ಯಾಪಾರದ ದೊಡ್ಡ ಕೇಂದ್ರ. ಬಟ್ಟೆ ತರಲು ಹೋಗುವ ವ್ಯಾಪಾರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಿಮಗೆ ತೊಂದರೆ ಬೇರೆ: ಅಲ್ಲಿ ಬಿಟಿಎಸ್ಸೂ ಇಲ್ಲ, ಎಂಆರ್‌ಟಿಯೂ ಇಲ್ಲ. ಚಿತ್ ಲೋಮ್ ಸ್ಟೇಶನ್ನಿಗೆ ಎತ್ತರದ ಕಾಲುದಾರಿಯಲ್ಲಿ ಸುಮಾರು ಒಂದು ಕಿಲೋಮೀಟರು. ರಾಚಪ್ರರೋಪ್ ಸ್ಟೇಶನ್ ಹತ್ತಿರವೇ ಇದೆ, ಆದರೆ ಅದು ಸುವರ್ಣಭೂಮಿ ವಿಮಾನ ನಿಲ್ದಾಣದ ರೈಲು, ನೀವು ಇಳಿಯುವುದು ಡಾನ್ ಮುಯಾಂಗ್‌ನಲ್ಲಿ. ಪ್ರತೂನಾಮ್ ವೃತ್ತದ ಟ್ರಾಫಿಕ್ ಊರಿನಲ್ಲೇ ಕುಖ್ಯಾತ, ಸಾಲದ್ದಕ್ಕೆ ಆರೆಂಜ್ ಮೆಟ್ರೊ ಮಾರ್ಗದ ಕಾಮಗಾರಿ ಆ ದಿಕ್ಕಿನಲ್ಲೇ ಸಾಗಿದೆ. ಉಳಿದಿರುವುದು ಸೇನ್ ಸೇಪ್ ಕಾಲುವೆಯ ದೋಣಿ. ಅಗ್ಗ, ವೇಗ. ಆದರೆ ದೋಣಿ ನಿಂತೂ ನಿಲ್ಲದ ಹಾಗೆ ಒಂದೆರಡು ಕ್ಷಣ ಕಟ್ಟೆಗೆ ತಾಗುತ್ತದೆ, ಅಷ್ಟರಲ್ಲಿ ಅಂಚಿನ ಮೇಲೆ ಕಾಲಿಟ್ಟು ಒಳಕ್ಕೆ ಇಳಿಯಬೇಕು. ಎದುರಿನಿಂದ ಇನ್ನೊಂದು ದೋಣಿ ಬಂದಾಗ ಕಪ್ಪು ನೀರು ಎರಚದಂತೆ ಬದಿಯಲ್ಲಿ ಕೂತವರೇ ಹಗ್ಗ ಜಗ್ಗಿ ಪ್ಲಾಸ್ಟಿಕ್ ಪರದೆ ಏರಿಸುತ್ತಾರೆ. ಮಗಳಿಗೆ ಮಜಾ, ಅಮ್ಮನ ಮಂಡಿಗೆ ಆಗದ ಮಾತು.

ನಾನಾದಲ್ಲಿ ಊಟದ ಕೊರತೆ ಇಲ್ಲ. ಸೊಯಿ 3ರಿಂದ 11ರವರೆಗೆ ಭಾರತೀಯ, ಅರಬ್ ಹೋಟೆಲುಗಳು ತುಂಬಿವೆ. ಬುಮ್ರುಂಗ್‌ರಾದ್ ಆಸ್ಪತ್ರೆಗೆ ಬರುವ ವಿದೇಶಿ ರೋಗಿಗಳಿಂದಾಗಿ ಆ ಪೇಟೆ ಬೆಳೆದಿದೆ. ಆದರೆ ಸೊಯಿ 4ರ ಬಾಯಲ್ಲೇ ರಾತ್ರಿ ಬಾರುಗಳ ನಾನಾ ಪ್ಲಾಜಾ, ಸೊಯಿ 11ರಲ್ಲಿ ಕ್ಲಬ್ಬುಗಳು ನಡುರಾತ್ರಿ ದಾಟಿದರೂ ಮುಚ್ಚುವುದಿಲ್ಲ. ಅಪಾಯ ಎಂದೇನಲ್ಲ, ಮುಜುಗರ. ಅಸೋಕ್‌ನಲ್ಲಿ ಉಳಿದು ಊಟಕ್ಕೆ ಒಂದು ನಿಲ್ದಾಣ ನಾನಾಕ್ಕೆ ಹೋಗಿ ಬನ್ನಿ. ಅಸೋಕ್‌ನಲ್ಲೂ ಸೊಯಿ ಕೌಬಾಯ್ ಎಂಬ ಅಂಥದೇ ಓಣಿ ಉಂಟು, ಸೊಯಿ 21 ಮತ್ತು 23ರ ನಡುವೆ. ಅದರ ಎರಡೂ ತುದಿಯ ಹೋಟೆಲು ಬಿಟ್ಟು ದಕ್ಷಿಣದ ಸಮಸಂಖ್ಯೆಯ ಕಡೆ ಹುಡುಕಿ.

ಖಾವೊ ಸಾನ್ ಬೆನ್ನಿಗೊಂದು ಚೀಲ ಹಾಕಿ ಬರುವ ಹುಡುಗರ ಜಾಗ. ಹಳೆ ಊರಿನಲ್ಲಿ ಉಳಿಯುವ ಆಸೆ ತಪ್ಪಲ್ಲ. ಬೆಳಗಿನ ಆರಕ್ಕೆ ದೇವಾಲಯಗಳ ಬೀದಿ ನಿಮ್ಮದೇ. 2019ರಲ್ಲಿ ನೀಲಿ ಮಾರ್ಗ ಸಾಮ್ ಯೋತ್, ಸನಮ್ ಚೈವರೆಗೆ ಬಂದ ಮೇಲೆ ಹಳೆ ಊರು ದೂರವೂ ಅಲ್ಲ, ಹೀಗಾಗಿ ಅಲ್ಲೇ ಉಳಿಯಬೇಕು ಎಂಬ ಒತ್ತಾಯವೂ ಹೋಯಿತು. ಆದರೆ ಖಾವೊ ಸಾನ್‌ಗೆ ಇನ್ನೂ ರೈಲಿಲ್ಲ. ಅಲ್ಲಿನ ಬಹುಪಾಲು ಗೆಸ್ಟ್‌ಹೌಸುಗಳು ಹಳೆಯ ಅಂಗಡಿಮನೆಗಳನ್ನು ಬದಲಿಸಿ ಮಾಡಿದವು. ಅಗಲ ನಾಲ್ಕು ಮೀಟರು, ಉದ್ದ ರೈಲುಬೋಗಿಯ ಹಾಗೆ, ಮೂರು ನಾಲ್ಕು ಮಹಡಿ, ಲಿಫ್ಟ್ ಇಲ್ಲ. ನಡುವಿನ ರೂಮುಗಳಿಗೆ ಕಿಟಕಿಯೂ ಇರದು. ಬುಕಿಂಗ್ ಪುಟದಲ್ಲಿ ರೂಮಿನ ಹೆಸರಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ನೋ ವಿಂಡೊ' ಎಂದು ಬರೆದಿರುತ್ತಾರೆ. ದರ ಕಡಿಮೆ ಯಾಕೆ ಎಂದು ಆಗ ತಿಳಿಯುತ್ತದೆ.

ಉಳಿದ ಜಾಗಗಳು ಚುಟುಕಾಗಿ. ಯೌವರಾತ್, ಅಂದರೆ ಚೈನಾಟೌನ್, ಸಂಜೆ ನೋಡಲು ಚಂದ, ಮಲಗಲು ಗದ್ದಲ. ಮಗ್ಗುಲಲ್ಲೇ ಪಾಹುರಾತ್, ಸಿಖ್ಖರ ದೊಡ್ಡ ಗುರುದ್ವಾರ, ಬಟ್ಟೆ ಅಂಗಡಿಗಳು, ಸಸ್ಯಾಹಾರಿ ತಿಂಡಿ. ವಾಟ್ ಫೋ ನೋಡಿದ ದಿನ ಸಾಮ್ ಯೋತ್‌ನಲ್ಲಿ ಇಳಿದು ಮಧ್ಯಾಹ್ನದ ಊಟ ಅಲ್ಲಿ ಮುಗಿಸಬಹುದು. ನದಿದಂಡೆಯ ದೊಡ್ಡ ಹೋಟೆಲುಗಳು ಮಧುಚಂದ್ರಕ್ಕೆ ಸರಿ. ಹೊರಹೋಗಲು ಪ್ರತಿ ಸಲ ಅವರ ದೋಣಿಗೆ ಕಾಯಬೇಕು. ಆನ್ ನುತ್, ಹುವಾಯ್ ಖ್ವಾಂಗ್ ಎರಡೂ ಅಗ್ಗ, ರೈಲೂ ಇದೆ. ಬಜೆಟ್ ಬಿಗಿಯಾದರೆ ಪ್ರತೂನಾಮ್‌ಗಿಂತ ಇವೇ ಮೇಲು.

ಇನ್ನು ಹೋಟೆಲು ಪರೀಕ್ಷಿಸುವ ಬಗೆ. ಮೊದಲು ನಕ್ಷೆಯಲ್ಲಿ ಸ್ಟೇಶನ್ನಿನಿಂದ ಹೋಟೆಲಿಗೆ 'ನಡಿಗೆ' ದಾರಿ ಹಾಕಿ ನೋಡಿ, ಗೆರೆ ಎಳೆದ ನೇರದೂರ ನೋಡಬೇಡಿ. ಆಮೇಲೆ ಸ್ಟೇಶನ್ನಿನ ಯಾವ ಎಕ್ಸಿಟ್‌ನಲ್ಲಿ ಲಿಫ್ಟ್ ಇದೆ ಎಂದು ಹುಡುಕಿ. ನೆಲದಡಿಯ ಎಂಆರ್‌ಟಿಯಲ್ಲಿ ಲಿಫ್ಟಿನ ತೊಂದರೆ ಕಡಿಮೆ. ಬಿಟಿಎಸ್ ಹಳಿ ರಸ್ತೆಯಿಂದ ಎರಡು ಮಹಡಿ ಮೇಲೆ, ಕೆಲವೆಡೆ ಲಿಫ್ಟ್ ಇರುವುದು ಒಂದೇ ಮೂಲೆಯಲ್ಲಿ. ಅದು ನಿಮ್ಮ ಹೋಟೆಲಿನ ಎದುರು ಬದಿಗಿದ್ದರೆ ಇಳಿದ ಮೇಲೆ ಆರು ಲೇನಿನ ರಸ್ತೆ ದಾಟಬೇಕು. ಮೂರನೆಯದು, ಬೀದಿಯ ಚಿತ್ರ ತೆರೆದು ಆ 400 ಮೀಟರನ್ನು ಫೋನಿನಲ್ಲೇ ನಡೆದು ನೋಡಿ. ಫುಟ್‌ಪಾತಿನ ಅಗಲ, ಅಂಚಿನ ಎತ್ತರ, ಅದರ ಮೇಲೆ ಓಡುವ ಬೈಕು ಎಲ್ಲ ಕಾಣುತ್ತದೆ. ಕೊನೆಗೆ ಕಳೆದ ಮೂರು ತಿಂಗಳ ವಿಮರ್ಶೆಗಳಲ್ಲಿ ಕಟ್ಟಡ ಕಾಮಗಾರಿ, ಸಂಗೀತದ ಸದ್ದು, ವಾಸನೆ ಎಂಬ ಪದಗಳನ್ನು ಹುಡುಕಿ. ಪಕ್ಕದ ಸೈಟಿನಲ್ಲಿ ಬೆಳಗ್ಗೆ ಏಳಕ್ಕೆ ಪೈಲಿಂಗ್ ಶುರುವಾಗುತ್ತದೆ ಎಂದು ಯಾವ ಹೋಟೆಲೂ ತಾನಾಗಿ ಹೇಳುವುದಿಲ್ಲ.

'ಬಿಟಿಎಸ್‌ಗೆ 5 ನಿಮಿಷ, ಉಚಿತ ಟುಕ್‌ಟುಕ್' ಎಂಬ ಸಾಲು ಕಂಡರೆ ಸೊಯಿಯ ಆಳದಲ್ಲಿದೆ ಎಂದು ಅರ್ಥ. ಆ ಗಾಡಿ ಹೊತ್ತುಹೊತ್ತಿಗೆ ಮಾತ್ರ ಬರುತ್ತದೆ, ಮೂರು ನಾಲ್ಕು ಜನ ಹಿಡಿಸುತ್ತದೆ, ಸಂಜೆ ನಿಂತುಹೋಗಬಹುದು. ಊರವರು ಸೊಯಿಯ ಬಾಯಲ್ಲಿ ಕಿತ್ತಳೆ ಜಾಕೆಟ್ಟಿನ ಬೈಕ್ ಟ್ಯಾಕ್ಸಿ ಹತ್ತುತ್ತಾರೆ. ಅಮ್ಮನಿಗೆ ಅದು ಆಗದು.

ರೂಮಿನೊಳಗಿನ ವಿಷಯದಲ್ಲಿ ಜನ ಮರೆಯುವುದು ಬಚ್ಚಲು. ಹಳೆಯ ಹೋಟೆಲುಗಳಲ್ಲಿ ಶವರ್ ಇರುವುದು ಬಾತ್‌ಟಬ್ಬಿನ ಒಳಗೆ, ಮೊಣಕಾಲೆತ್ತರದ ಅಂಚು ದಾಟಿ ಇಳಿಯಬೇಕು, ಒಳಗೆ ಜಾರುತ್ತದೆ. 'ವಾಕ್‌ಇನ್ ಶವರ್ ಬೇಕು' ಎಂದು ಬುಕಿಂಗ್ ಮಾಡುವಾಗಲೇ ಬರೆದು ಉತ್ತರ ತರಿಸಿಕೊಳ್ಳಿ. ಜೆಟ್ ಸ್ಪ್ರೇಯ ಚಿಂತೆ ಬೇಡ, ಥಾಯ್‌ಗಳೂ ನಮ್ಮ ಹಾಗೆ ನೀರಿನವರೇ. ನಾಲ್ವರಿಗೆ ಒಂದೇ ರೂಮು ಸಾಲದು. ನಡುವೆ ಬಾಗಿಲಿರುವ ಎರಡು 'ಕನೆಕ್ಟಿಂಗ್' ರೂಮು ಕೇಳಿ, 'ಅಡ್ಜಾಯ್ನಿಂಗ್' ಎಂದರೆ ಬರೀ ಪಕ್ಕಪಕ್ಕ. ಎರಡು ಬೆಡ್‌ರೂಮಿನ ಸರ್ವಿಸ್ ಅಪಾರ್ಟ್‌ಮೆಂಟ್ ಸಿಕ್ಕರೆ ಇನ್ನೂ ಉತ್ತಮ, ಒಲೆ ಇರುತ್ತದೆ, ಉಪ್ಪಿಟ್ಟು, ಅನ್ನ ಮಾಡಿಕೊಳ್ಳಬಹುದು.

ಆದರೆ ಮಾಲೀಕರು ಆ್ಯಪ್‌ಗಳಲ್ಲಿ ದಿನಬಾಡಿಗೆಗೆ ಬಿಡುವ ಕಾಂಡೊ ಫ್ಲ್ಯಾಟು ಬೇಡ. ಥಾಯ್ಲೆಂಡಿನ 2004ರ ಹೋಟೆಲ್ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವಂತಿಲ್ಲ. ಎಷ್ಟೋ ಕಟ್ಟಡಗಳ ಲಾಬಿಯಲ್ಲೇ ಫಲಕ ಹಾಕಿರುತ್ತಾರೆ. 'ಯಾರಾದರೂ ಕೇಳಿದರೆ ಸ್ನೇಹಿತರ ಮನೆ ಅನ್ನಿ' ಎಂದು ಮಾಲೀಕರ ಮೆಸೇಜು ಬಂದರೆ ಅಲ್ಲಿಗೇ ಬಿಡಿ. ಬೆಳಗಿನ ಜಾವ ಲಗೇಜಿನೊಂದಿಗೆ ಕಾವಲುಗಾರನ ಮುಂದೆ ನಿಲ್ಲುವ ಪಾಡು ಯಾಕೆ? ವಿಮಾನ ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕಾದ ಡಿಜಿಟಲ್ ಅರೈವಲ್ ಕಾರ್ಡಿನಲ್ಲೂ ಉಳಿಯುವ ವಿಳಾಸ ಕೇಳುತ್ತಾರೆ. 2025ರ ಮೇ 1ರಿಂದ ಅದು ಕಡ್ಡಾಯ, ಪೂರ್ತಿ ಉಚಿತ. ಹಣ ಕೇಳುವ ಜಾಲತಾಣಗಳು ಸರ್ಕಾರದವಲ್ಲ.

ದರ ಹೋಲಿಸುವಾಗ '++' ಚಿಹ್ನೆ ಗಮನಿಸಿ. 10% ಸೇವಾಶುಲ್ಕ, ಅದರ ಮೇಲೆ 7% ವ್ಯಾಟ್. 2,000++ ಬಾತ್ ಎಂದರೆ ಕೈಯಿಂದ ಹೋಗುವುದು 2,354. ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಇಟ್ಟುಕೊಂಡು ಲೆಕ್ಕ ಹಾಕಿ. ಚೆಕ್‌ಇನ್ ವೇಳೆ ರೂಮಿಗಿಷ್ಟು ಎಂದು ಠೇವಣಿ ಕೇಳುವ ಹೋಟೆಲು ಹೆಚ್ಚು, ನಗದು ಕೊಟ್ಟರೆ ಹೊರಡುವಾಗ ಅಲ್ಲೇ ವಾಪಸ್. ಜನವರಿ ಅಲ್ಲಿ ಪೂರ್ತಿ ಸೀಸನ್, ಎರಡು ತಿಂಗಳ ಮುಂಚೆಯಾದರೂ ರೂಮು ಹಿಡಿಯಿರಿ. ಜನವರಿಯ ಎರಡನೆಯ ಶನಿವಾರ ಅಲ್ಲಿನ ಮಕ್ಕಳ ದಿನ. ನಿಮ್ಮ ದಿನಗಳು ಅದಕ್ಕೆ ತಾಗಿದರೆ ಮಕ್ಕಳ ಆಕರ್ಷಣೆಯ ಜಾಗಗಳನ್ನು ಅಂದು ಬಿಡಿ, ಕಾಲಿಡಲು ಜಾಗ ಇರುವುದಿಲ್ಲ.

ಬೆಳಗಿನ ಜಾವ ಇಳಿಯುವುದೇ ನಿಮ್ಮ ಪ್ರವಾಸದ ಕಷ್ಟದ ಗಂಟು. ರೂಮು ಸಿಗುವುದು ಮಧ್ಯಾಹ್ನ ಎರಡಕ್ಕೆ, ನೀವು ಬಾಗಿಲಲ್ಲಿ ನಿಲ್ಲುವುದು ಏಳಕ್ಕೆ. ನಿದ್ದೆಯಿಲ್ಲದ ಅಮ್ಮ ಏಳು ಗಂಟೆ ಲಾಬಿಯ ಸೋಫಾದ ಮೇಲೆ ಕೂರುವುದು ಬೇಡ. ಎರಡರಲ್ಲಿ ಒಂದು ರೂಮನ್ನು ಮಾತ್ರ ಹಿಂದಿನ ರಾತ್ರಿಯಿಂದಲೇ ಬುಕ್ ಮಾಡಿ, ನಾಲ್ವರೂ ಅದರಲ್ಲಿ ಸ್ನಾನ ಮಾಡಿ ಮಲಗಿ. ಹೀಗೆ ಮಾಡಿದಾಗ ಹೋಟೆಲಿಗೆ 'ಇಂಥ ತಾರೀಖು ಬೆಳಗ್ಗೆ ಏಳಕ್ಕೆ ಬರುತ್ತೇವೆ' ಎಂದು ಬರೆದು ತಿಳಿಸಲೇಬೇಕು. ಇಲ್ಲದಿದ್ದರೆ ನಡುರಾತ್ರಿ ಕಳೆದ ಮೇಲೆ 'ಬರಲಿಲ್ಲ' ಎಂದು ಗುರುತು ಹಾಕಿ ಐದೂ ರಾತ್ರಿಯ ಬುಕಿಂಗ್ ರದ್ದು ಮಾಡಿಬಿಟ್ಟಾರು.

ಡಾನ್ ಮುಯಾಂಗ್‌ನಿಂದ ಸೀಲೋಮ್‌ಗೆ ರೈಲಿನಲ್ಲೂ ಬರಬಹುದು. 2021ರಿಂದ ಓಡುತ್ತಿರುವ ಕೆಂಪು ಮಾರ್ಗದಲ್ಲಿ ಕ್ರುಂಗ್ ಥೇಪ್ ಅಫಿವತ್‌ಗೆ, ಅಲ್ಲಿಂದ ನೀಲಿ ಮಾರ್ಗ. ಒಬ್ಬರೇ ಆದರೆ ಅದೇ ಸರಿ. ನೀವು ಟ್ಯಾಕ್ಸಿ ಮಾಡಿ. ಒಳಗಿನ ಅಧಿಕೃತ ಸರತಿಯಲ್ಲಿ ನಿಂತು ಚೀಟಿ ಪಡೆಯಿರಿ, ಮೀಟರು 35 ಬಾತ್‌ನಿಂದ ಶುರು, ವಿಮಾನ ನಿಲ್ದಾಣದ ಶುಲ್ಕ 50, ಎಕ್ಸ್‌ಪ್ರೆಸ್‌ವೇ ಟೋಲ್ ನಿಮ್ಮದು. ಬೆಳಗಿನ ಜಾವ ಎಲ್ಲ ಸೇರಿ ಸುಮಾರು 400ರಿಂದ 500 ಬಾತ್. ಒಂದು ಎಚ್ಚರ, ಅನೇಕ ಟ್ಯಾಕ್ಸಿಗಳು ಗ್ಯಾಸಿನವು, ಡಿಕ್ಕಿಯ ಅರ್ಧ ಸಿಲಿಂಡರೇ ತುಂಬಿರುತ್ತದೆ. ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಸಣ್ಣ ಕಾರಿನಲ್ಲಿ ಹಿಡಿಸದು. ದೊಡ್ಡ ಗಾಡಿ ಕೇಳಿ ಅಥವಾ ಗ್ರ್ಯಾಬ್ ಎಂಬ ಟ್ಯಾಕ್ಸಿ ಆ್ಯಪ್‌ನಲ್ಲಿ ಆರು ಸೀಟಿನದು ತರಿಸಿ. ಹೋಟೆಲಿನ ಹೆಸರು, ವಿಳಾಸ ಥಾಯ್ ಲಿಪಿಯಲ್ಲಿ ಫೋನಿನಲ್ಲಿರಲಿ. ನಮ್ಮ ಉಚ್ಚಾರಣೆ ಚಾಲಕರಿಗೆ ತಿಳಿಯುವುದು ಅಪರೂಪ.

ಅರಮನೆಯ ದಿನಕ್ಕೆ ಒಂದು ಮಾತು. ಸನಮ್ ಚೈನಿಂದ ವಾಟ್ ಫೋ ಐದು ನಿಮಿಷದ ನಡಿಗೆ. ಆದರೆ ಅರಮನೆಯ ಪ್ರವೇಶದ್ವಾರ ಉತ್ತರದ ಗೋಡೆಯಲ್ಲಿದೆ, ಸ್ಟೇಶನ್ ದಕ್ಷಿಣದಲ್ಲಿ. ಗೋಡೆಯುದ್ದಕ್ಕೂ ನೆರಳಿಲ್ಲದೆ ಒಂದು ಕಿಲೋಮೀಟರಿಗೂ ಹೆಚ್ಚು. ಬೆಳಗ್ಗೆ 8:30ಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಟ್ಯಾಕ್ಸಿಯಲ್ಲಿ ನೇರ ಆ ಬಾಗಿಲಿಗೇ ಹೋಗಿ, ಅರಮನೆ ಮುಗಿಸಿ, ಟುಕ್‌ಟುಕ್‌ನಲ್ಲಿ ವಾಟ್ ಫೋಗೆ ಬಂದು, ವಾಪಸಿಗೆ ಸನಮ್ ಚೈ ರೈಲು ಹಿಡಿಯಿರಿ. ಅರಮನೆ ಟಿಕೆಟ್ ವಿದೇಶಿಯರಿಗೆ 500 ಬಾತ್. ಗೋಡೆ ಬದಿ ಸಭ್ಯವಾಗಿ ನಿಂತು 'ಇವತ್ತು ಮುಚ್ಚಿದೆ, ಬೇರೆ ಗುಡಿಗೆ ಕರೆದೊಯ್ಯುತ್ತೇನೆ' ಎನ್ನುವವರಿಗೆ ಕಿವಿ ಕೊಡಬೇಡಿ. ಆ ದಾರಿ ಕೊನೆಗೆ ರತ್ನದ ಅಂಗಡಿಗೋ ದರ್ಜಿ ಅಂಗಡಿಗೋ ಹೋಗುತ್ತದೆ.

ಊಟದ್ದು ಏರಿಯಾ ಆರಿಸಿದ ಮೇಲೂ ಉಳಿಯುವ ಪ್ರಶ್ನೆ. ಥಾಯ್ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಮೀನಿನ ರಸ, 'ನಾಮ್ ಪ್ಲಾ'. ಬರೀ ತರಕಾರಿ ಎಂದು ಹೇಳಿ ತರಿಸಿದ ಪಲ್ಯದಲ್ಲೂ ಅದೋ ಸಿಂಪಿ ಸಾಸೋ ಇರುತ್ತದೆ, ಪಪ್ಪಾಯಿ ಕೋಸಂಬರಿಯಲ್ಲಿ ಒಣಸೀಗಡಿ. 'ವೆಜ್' ಎಂದರೆ ತಲೆಯಾಡಿಸುತ್ತಾರೆ, ತಿಳಿದಿದೆ ಎಂದಲ್ಲ. 'ಕಿನ್ ಜೇ' ಎನ್ನಿ. ಜೇ ಎಂದರೆ ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಹಳದಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರದ ಗುರುತು ಇರುವ ಅಂಗಡಿ ಜೇ ಅಂಗಡಿ. 'ಮಂಗ್‌ಸವಿರಾತ್' ಎಂದರೆ ಮೊಟ್ಟೆ, ಹಾಲು ನಡೆಯುತ್ತದೆ ಎಂದು ಅರ್ಥ. ಮಾಲ್‌ಗಳ ಫುಡ್‌ಕೋರ್ಟಿನಲ್ಲಿ ಜೇ ಕೌಂಟರ್ ಇದೆಯೇ ನೋಡಿ. ಅಲ್ಲಿ ಮೊದಲು ಕಾರ್ಡಿಗೆ ಹಣ ತುಂಬಿಸಿ, ಉಳಿದದ್ದನ್ನು ಅದೇ ದಿನ ಕೌಂಟರಿನಲ್ಲಿ ವಾಪಸ್ ಪಡೆಯಬೇಕು.

ಪಟ್ಟಾಯ ಸೇರಿಸುವ ಮನಸ್ಸಿದ್ದರೆ ಐದು ರಾತ್ರಿಯಲ್ಲಿ ಬೇಡ. ಹೋಟೆಲು ಬದಲಿಸಿದ ಪ್ರತಿ ಸಲ ಅರ್ಧ ದಿನ ಹೋಗುತ್ತದೆ, ಪೆಟ್ಟಿಗೆ ಕಟ್ಟುವುದು ಅಮ್ಮನ ತಲೆಗೆ ಬರುತ್ತದೆ.

ಹೊರಡುವ ದಿನ ರಾತ್ರಿ ವಿಮಾನವಾದರೆ ಹನ್ನೆರಡಕ್ಕೆ ರೂಮು ಬಿಟ್ಟು ಲಗೇಜನ್ನು ರಿಸೆಪ್ಷನ್ನಿನಲ್ಲಿ ಇಡಿ, ಚೀಟಿ ಕೇಳಿ ಪಡೆಯಿರಿ. ಸಂಜೆ ಐದರಿಂದ ಏಳೂವರೆವರೆಗೆ ಸೀಲೋಮ್‌ನಿಂದ ಡಾನ್ ಮುಯಾಂಗ್‌ಗೆ ಒಂದೂವರೆ ಗಂಟೆಯೂ ಹಿಡಿಯಬಹುದು, ಆ ಹೊತ್ತಿಗೆ ಮೀಟರು ಹಾಕಲು ಒಪ್ಪುವ ಟ್ಯಾಕ್ಸಿಯೂ ಸಿಗುವುದಿಲ್ಲ. ಒಂಬತ್ತು, ಹತ್ತರ ವಿಮಾನಕ್ಕೆ ಮೂರೂವರೆಗೇ ಗಾಡಿ ಹತ್ತಿ.